ಡಬ್ಬಿಯಲ್ಲಿ ಬಂದ ಕಾದಂಬರಿ, ತೂತು ಬಿದ್ದ ಪುಟ

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಬಾರಿ: ಇಂಗ್ಲೆಂಡಿನ ಪ್ರಯೋಗಶೀಲ ಕಾದಂಬರಿಕಾರ ಬಿ.ಎಸ್. ಜಾನ್ಸನ್ (1933–1973)

ಪ್ರಶ್ನೆ: ‘ಆಲ್ಬರ್ಟ್ ಏಂಜೆಲೊ’ ಕಾದಂಬರಿಯ ಹಳೇ ಪ್ರತಿ ಸಿಕ್ಕಿತು. ಮುಗಿಯುವುದಕ್ಕೆ ಸ್ವಲ್ಪ ಮುಂಚೆ ಎರಡು ಹಾಳೆಗಳಲ್ಲಿ ಚೌಕಾಕಾರದ ತೂತಿದೆ. ಯಾರಾದರೂ ಕತ್ತರಿಸಿರಬಹುದೇ?

ಉತ್ತರ: ಇಲ್ಲ, ಅದು ಜಾನ್ಸನ್ನೇ ಹೇಳಿ ಮಾಡಿಸಿದ ತೂತು. 1964ರಲ್ಲಿ ಪುಸ್ತಕ ಬಂದಾಗ ಕೆಲವು ಅಂಗಡಿಯವರೂ ಪ್ರತಿ ಕೆಟ್ಟಿದೆ ಎಂದುಕೊಂಡು ವಾಪಸು ಕಳಿಸಿದ್ದರು. ತೂತಿನೊಳಗೆ ಮುಂದಿನ ಪುಟದ ಒಂದೆರಡು ಸಾಲು ಕಾಣುತ್ತವೆ: ಚಾಕು, ಇರಿತ, ಸಾವು. ಆಲ್ಬರ್ಟನಿಗೇ ಈ ಗತಿ ಎಂದು ನಾವು ಎಣಿಸುತ್ತೇವೆ. ಹಾಳೆ ಮಗುಚಿದರೆ ಅದು 1593ರಲ್ಲಿ ಸತ್ತ ನಾಟಕಕಾರ ಕ್ರಿಸ್ಟಫರ್ ಮಾರ್ಲೋನ ಕೊಲೆಯ ವರ್ಣನೆ. ಮುಂದೇನಾಗುತ್ತದೆ ಎಂಬುದನ್ನು ಮೊದಲೇ ಕಂಡವನಿಗೂ ಅದರ ಅರ್ಥ ತಪ್ಪಬಹುದು, ಈ ತಪ್ಪನ್ನು ಜಾನ್ಸನ್ ಓದುಗನ ಕೈಯಲ್ಲೇ ಮಾಡಿಸುತ್ತಾನೆ. ಅಂಚು ಹರಿದಿದ್ದರೆ ಹಿಂದಿನಿಂದ ಕಾಗದ ಅಂಟಿಸಬೇಡಿ, ಸಾಲು ಮುಚ್ಚಿಹೋಗುತ್ತದೆ. ಮತ್ತೆ ಬೈಂಡ್ ಮಾಡಿಸುವುದಾದರೆ ಎರಡೂ ತೂತು ಒಂದರ ಮೇಲೊಂದು ಸರಿಯಾಗಿ ಕೂರಬೇಕೆಂದು ಬೈಂಡರಿಗೆ ಮೊದಲೇ ಹೇಳಿ.

ಪ್ರಶ್ನೆ: ‘ದಿ ಅನ್‌ಫಾರ್ಚುನೇಟ್ಸ್’ ಬಿಡಿ ಕಂತುಗಳಾಗಿ ಡಬ್ಬಿಯಲ್ಲಿದೆ. ಯಾವ ಕ್ರಮದಲ್ಲಿ ಓದುವುದು? ಕಾಲಾನುಕ್ರಮಕ್ಕೆ ಜೋಡಿಸಿಕೊಳ್ಳಬಹುದೇ?

ಉತ್ತರ: ಜೋಡಿಸಬಹುದು, ಆದರೆ ಕಾದಂಬರಿ ಅಲ್ಲಿಗೇ ಕೆಡುತ್ತದೆ. ಒಟ್ಟು 27 ಕಂತು. ಮೊದಲನೆಯದು ಮತ್ತು ಕೊನೆಯದು ಯಾವುವೆಂದು ಅವುಗಳ ಮೇಲೆ ಗುರುತಿದೆ. ಆ ಎರಡನ್ನು ತೆಗೆದಿಟ್ಟು ಉಳಿದ 25ನ್ನು ಇಸ್ಪೀಟಿನ ಎಲೆಯಂತೆ ಚೆನ್ನಾಗಿ ಕಲೆಸಿ. ಕೈಗೆ ಬಂದದ್ದನ್ನು ಪೂರ್ತಿ ಓದಿ, ಮಗುಚಿ ಬೇರೆ ಕಡೆ ಇಡಿ, ಮುಂದಿನದನ್ನು ತೆಗೆಯಿರಿ. ಇಣುಕಿ ನೋಡಿ ಆರಿಸಿಕೊಳ್ಳಬೇಡಿ. ಕೆಲವು ಕಂತು ಒಂದೇ ಪ್ಯಾರಾ, ಕೆಲವು 12 ಪುಟದವರೆಗೆ ಹೋಗುತ್ತವೆ. ಹಾಗಾಗಿ ಓಟ ಒಮ್ಮೆ ಮುಗ್ಗರಿಸುತ್ತದೆ, ಒಮ್ಮೆ ನಿಧಾನವಾಗುತ್ತದೆ. ಅದು ಹಾಗೇ ಇರಬೇಕು. ಈ 25 ಕಂತುಗಳನ್ನು ಜೋಡಿಸಬಹುದಾದ ಬಗೆಗಳ ಸಂಖ್ಯೆ 26 ಅಂಕಿಗಳಷ್ಟು ದೊಡ್ಡದು. ‘ಸರಿಯಾದ ಕ್ರಮ’ವನ್ನು ಹುಡುಕುವ ಶ್ರಮ ಬೇಡ.

ಡಬ್ಬಿ ಬೇಕಾದದ್ದು ಏಕೆಂದು ತಿಳಿದರೆ ಇದು ಸ್ಪಷ್ಟವಾಗುತ್ತದೆ. ಫುಟ್‌ಬಾಲ್ ವರದಿಗಾರನೊಬ್ಬ ಪಂದ್ಯಕ್ಕೆಂದು ಒಂದು ಊರಿನ ಸ್ಟೇಷನ್ನಿನಲ್ಲಿ ಇಳಿಯುತ್ತಾನೆ. ಇಳಿದ ಮೇಲಷ್ಟೇ ಅದು ತನಗೆ ಗೊತ್ತಿರುವ ಊರೆಂದು, ಕ್ಯಾನ್ಸರಿನಿಂದ ಎಳೆ ವಯಸ್ಸಿಗೇ ತೀರಿಕೊಂಡ ಗೆಳೆಯ ಟೋನಿಯ ಜೊತೆ ಓಡಾಡಿದ ಊರೆಂದು ಹೊಳೆಯುತ್ತದೆ. ಊರು ನಾಟಿಂಗ್‌ಹ್ಯಾಮ್. ಗೆಳೆಯ ಟೋನಿ ಟಿಲ್ಲಿಂಗ್‌ಹಾಸ್ಟ್ ನಿಜವಾಗಿ ಬದುಕಿದ್ದವನು. ಜಾನ್ಸನ್ ಕೂಡ ‘ಅಬ್ಸರ್ವರ್’ ಪತ್ರಿಕೆಗೆ ಪಂದ್ಯಗಳ ವರದಿ ಬರೆಯುತ್ತಿದ್ದ. ಆ ಮಧ್ಯಾಹ್ನ ನೆನಪುಗಳು ಬಂದದ್ದು ವರಸೆಯಿಲ್ಲದೆ: ಅಂತ್ಯಕ್ರಿಯೆ ಮೊದಲು, ನಗು ಆಮೇಲೆ, ಕಾಯಿಲೆ ನಡುವೆ. ಹೊಲಿದ ಪುಸ್ತಕದಲ್ಲಿ ಎಷ್ಟೇ ಹಿಂದುಮುಂದು ಮಾಡಿದರೂ ಅದೇ ಒಂದು ವರಸೆಯಾಗಿಬಿಡುತ್ತದೆ ಎಂಬುದು ಅವನ ಕಷ್ಟ. ನಿಮ್ಮ ಓದಿನಲ್ಲಿ ಟೋನಿ ಮೂರನೆಯ ಕಂತಿಗೇ ಸತ್ತು, ಇಪ್ಪತ್ತನೆಯದರಲ್ಲಿ ಪುಸ್ತಕದ ಬಗ್ಗೆ ಉತ್ಸಾಹದಿಂದ ವಾದ ಮಾಡಬಹುದು. ಆಗ ಆ ವಾದದ ಪ್ರತಿ ಸಾಲೂ ಎದೆಗೆ ತಾಗುತ್ತದೆ. ಕಾಲಾನುಕ್ರಮಕ್ಕೆ ಜೋಡಿಸಿದರೆ ಕೈಬಿಟ್ಟುಹೋಗುವುದು ಇದೇ.

ಎಲ್ಲ ಓದಿದ ಮೇಲೆ ಡಬ್ಬಿಯ ಒಳಮೈ ನೋಡಿ. ಪಂದ್ಯದ ವರದಿ ಅಲ್ಲಿ ಅಚ್ಚಾಗಿದೆ.

ಪ್ರಶ್ನೆ: ಇದರ ಹಳೇ ಪ್ರತಿ ಕೊಳ್ಳುವಾಗ ಏನು ಪರೀಕ್ಷಿಸಬೇಕು?

ಉತ್ತರ: ಎಣಿಸಿ, 27 ಇರಲೇಬೇಕು. ಕಂತುಗಳಿಗೆ ಕ್ರಮಸಂಖ್ಯೆ ಇಲ್ಲದ್ದರಿಂದ ಒಂದು ಕಳೆದಿದ್ದರೆ ಓದುವಾಗ ಗೊತ್ತೇ ಆಗುವುದಿಲ್ಲ. ಸುಲಭವಾಗಿ ಕಳೆಯುವುದು ಒಂದೇ ಹಾಳೆಯ ಕಂತುಗಳು, ದಪ್ಪ ಕಂತಿನ ಒಳಗೆ ಸೇರಿಕೊಂಡಿವೆಯೇ ಎಂದೂ ನೋಡಿ. ಮೊದಲ ಮುದ್ರಣ 1969ರದು. 1999ರಲ್ಲೂ 2008ರಲ್ಲೂ ಡಬ್ಬಿಯಾಗಿಯೇ ಮರುಮುದ್ರಣವಾಗಿದೆ, ಓದಲು ಅವೇ ಸಾಕು.

ಪ್ರಶ್ನೆ: ‘ಹೌಸ್ ಮದರ್ ನಾರ್ಮಲ್’ ಅರ್ಧಕ್ಕೇ ನಿಲ್ಲಿಸಿದೆ. ಖಾಲಿ ಪುಟಗಳು, ಚೆಲ್ಲಾಪಿಲ್ಲಿ ಪದಗಳು. ದಾರಿ ಹೇಳಿ.

ಉತ್ತರ: ಬಿಡಬೇಡಿ, ಇದು ಜಾನ್ಸನ್ನನ ಅತ್ಯಂತ ಬಿಗಿಯಾದ ಪುಸ್ತಕ. ವೃದ್ಧಾಶ್ರಮದಲ್ಲಿ ಒಂದು ಸಂಜೆ. ಅದೇ ಸಂಜೆಯನ್ನು ಎಂಟು ಮಂದಿ ವೃದ್ಧರು, ಕೊನೆಗೆ ಅಲ್ಲಿನ ಮೇಲ್ವಿಚಾರಕಿ ತಮ್ಮತಮ್ಮೊಳಗೆ ಮಾತಾಡಿಕೊಳ್ಳುತ್ತಾರೆ. ಪ್ರತಿಯೊಬ್ಬ ವೃದ್ಧರಿಗೂ ಸರಿಯಾಗಿ 21 ಪುಟ. ಒಬ್ಬರ ಏಳನೇ ಪುಟದ ಹತ್ತನೇ ಸಾಲು ಮತ್ತೊಬ್ಬರ ಏಳನೇ ಪುಟದ ಹತ್ತನೇ ಸಾಲು ಒಂದೇ ಕ್ಷಣದವು. ಖಾಲಿ ಜಾಗವೆಂದರೆ ಆ ಹೊತ್ತಿನಲ್ಲಿ ಆ ಮನಸ್ಸು ಮಂಪರಿನಲ್ಲಿತ್ತು, ಇಲ್ಲವೇ ಏನನ್ನೂ ಹಿಡಿಯಲಾರದೆ ಹೋಯಿತು ಎಂದರ್ಥ. ಪ್ರತಿ ಭಾಗದ ಮೊದಲಿಗೆ ವಯಸ್ಸು, ದೃಷ್ಟಿ, ಶ್ರವಣ, ಚಲನೆ ಎಷ್ಟು ಶೇಕಡಾ ಉಳಿದಿದೆ, ಯಾವ ಕಾಯಿಲೆಗಳಿವೆ ಎಂಬ ಪಟ್ಟಿಯಿದೆ. ಅದನ್ನು ಓದದೆ ಮುಂದೆ ಹೋದವರೇ ಸಾಮಾನ್ಯವಾಗಿ ದಾರಿ ತಪ್ಪುವುದು, ಏಕೆಂದರೆ ಕಿವಿ ಕೇಳದವರ ಪುಟದಲ್ಲಿ ಮಾತಿಗೆ ಉತ್ತರ ಇರುವುದಿಲ್ಲ.

ಮೊದಲ ಸಲ ನೇರವಾಗಿ ಓದಿ ಮುಗಿಸಿ. ಆಮೇಲೆ ಪೊಟ್ಟಣವನ್ನು ಕೈಯಿಂದ ಕೈಗೆ ದಾಟಿಸುವ ಆಟ ಬರುವ ಪುಟಕ್ಕೆ ಒಂಬತ್ತೂ ಭಾಗಗಳಲ್ಲಿ ಚೀಟಿ ಇಟ್ಟು, ಅದೊಂದನ್ನೇ ಅಡ್ಡಡ್ಡ ಓದಿ. ಆ ಪೊಟ್ಟಣದೊಳಗೆ ಏನಿತ್ತು, ಯಾರು ಇಟ್ಟರು ಎಂದು ತಿಳಿದಾಗ ಮೇಲ್ವಿಚಾರಕಿಯ ಕ್ರೌರ್ಯ ಪೂರ್ತಿ ಕಾಣುತ್ತದೆ. ಅವಳಿಗೆ ಮಾತ್ರ 22ನೇ ಪುಟವೊಂದಿದೆ. ಅದನ್ನು ಕೊನೆಗೇ ಓದಿ.

ಪ್ರಶ್ನೆ: ಜಾನ್ಸನ್ನನ ಬದುಕು ಹೇಗಿತ್ತು? ಹೊಸಬರು ಎಲ್ಲಿಂದ ಶುರುಮಾಡಬೇಕು?

ಉತ್ತರ: ಹುಟ್ಟಿದ್ದು ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ, ದುಡಿಯುವ ವರ್ಗದ ಮನೆಯಲ್ಲಿ. ಯುದ್ಧಕಾಲದಲ್ಲಿ ಬೇರೆ ಮಕ್ಕಳಂತೆ ಊರು ಬಿಡಬೇಕಾಯಿತು. ಲೆಕ್ಕದ ಗುಮಾಸ್ತನಾಗಿ ದುಡಿಯುತ್ತ ಲ್ಯಾಟಿನ್ ಕಲಿತು, ತಡವಾಗಿ ಲಂಡನ್ನಿನ ಕಿಂಗ್ಸ್ ಕಾಲೇಜು ಸೇರಿದ. ಕಥೆ ಕಟ್ಟುವುದೆಂದರೆ ಸುಳ್ಳು ಹೇಳುವುದು ಎಂದು ಗಟ್ಟಿಯಾಗಿ ನಂಬಿದ್ದ. ‘ಟ್ರಾಲ್’ (1966) ಬರೆಯಲು ಮೀನುಗಾರಿಕೆ ಹಡಗಿನಲ್ಲಿ ಬ್ಯಾರೆಂಟ್ಸ್ ಸಮುದ್ರಕ್ಕೇ ಹೋಗಿಬಂದ. 1973ರ ನವೆಂಬರ್ 13ರಂದು, ನಲವತ್ತನೇ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡ. ಜೋನಾಥನ್ ಕೋ 2004ರಲ್ಲಿ ಬರೆದ ಜೀವನಚರಿತ್ರೆಯಿಂದ ಮತ್ತೆ ಓದುಗರ ಗಮನಕ್ಕೆ ಬಂದ.

ಶುರುವಿಗೆ ಅದೇ 1973ರ ‘ಕ್ರಿಸ್ಟಿ ಮಾಲ್ರೀಸ್ ಓನ್ ಡಬಲ್-ಎಂಟ್ರಿ’ ಹಿಡಿಯಿರಿ. ಚಿಕ್ಕದು, ಸರಾಗ. ಗುಮಾಸ್ತ ಕ್ರಿಸ್ಟಿ ಜಗತ್ತಿನ ಜೊತೆ ಜಮಾ-ಖರ್ಚು ಪುಸ್ತಕ ಇಡುತ್ತಾನೆ. ಕಟ್ಟಡವೊಂದು ತನ್ನ ನಡೆಯುವ ದಾರಿಗೆ ಅಡ್ಡ ಬಂದದ್ದು ಒಂದು ಬದಿಗೆ, ಅದರ ಗೋಡೆಯ ಮೇಲೆ ನಾಣ್ಯದಿಂದ ಗೀಚಿದ್ದು ಇನ್ನೊಂದು ಬದಿಗೆ. ಅಲ್ಲಿಂದ ಹೊರಟ ಸೇಡು ಸಾವಿರಾರು ಜನರ ಸಾವಿನವರೆಗೆ ಬೆಳೆಯುತ್ತದೆ. ನಡುನಡುವೆ ಬರುವ ಐದು ಲೆಕ್ಕಪತ್ರಗಳನ್ನು ಚಿತ್ರದಂತೆ ನೋಡಿ ಮುಂದೆ ಹೋಗಬೇಡಿ. ಪ್ರತಿ ಬಾಬಿಗೂ ಕ್ರಿಸ್ಟಿ ಎಷ್ಟು ಬೆಲೆ ಹಾಕಿದ್ದಾನೆ ಎಂಬುದನ್ನು ಹಿಂದಿನ ಪತ್ರಕ್ಕೆ ಹೋಲಿಸಿ ಓದಿ, ಅವನ ತಕ್ಕಡಿ ಎಲ್ಲಿ ತಪ್ಪಿತೆಂಬುದು ಆ ಅಂಕಿಗಳಲ್ಲೇ ಇದೆ.