ಘಾನಾ ದೇಶದ ಜನಸಂಖ್ಯೆ ಎಷ್ಟು? ಅಲ್ಲಿ ಯಾವ ಯಾವ ಜನರಿದ್ದಾರೆ?

2021ರ ಜನಗಣತಿಯ ಪ್ರಕಾರ ಘಾನಾದ ಜನಸಂಖ್ಯೆ ಸುಮಾರು 3.08 ಕೋಟಿ, 2010ರಲ್ಲಿ ಅದು 2.47 ಕೋಟಿಯಷ್ಟಿತ್ತು. ಈ ಸಲ ಗಣತಿದಾರರು ಕಾಗದದ ನಮೂನೆಗಳನ್ನು ಬಿಟ್ಟು ಟ್ಯಾಬ್ಲೆಟ್ ಹಿಡಿದು ಮನೆ ಮನೆಗೆ ಹೋಗಿ, ಜೂನ್ 27ರ ರಾತ್ರಿ ಯಾರು ಎಲ್ಲಿ ತಂಗಿದ್ದರೆಂಬುದನ್ನು ಆಧಾರವಾಗಿಟ್ಟುಕೊಂಡು ಎಣಿಸಿದರು.

ಜನಾಂಗಗಳಲ್ಲಿ ಅಕಾನರು ಹೆಚ್ಚುಕಡಿಮೆ ಶೇ. 46ರಷ್ಟಿದ್ದು, ಉತ್ತರದ ಮೋಲೆ-ದಗ್ಬಾನಿ, ಆಗ್ನೇಯದ ಎವೆ ಹಾಗೂ ರಾಜಧಾನಿ ಅಕ್ರಾದ ಸುತ್ತಲಿನ ಗಾ-ದಂಗ್ಮೆ ಜನರು ನಂತರದ ಸ್ಥಾನಗಳಲ್ಲಿದ್ದಾರೆ. ಕ್ರೈಸ್ತರು ಶೇ. 71, ಮುಸ್ಲಿಮರು ಶೇ. 20.

ಇವೆಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವುದು ನಗರೀಕರಣ: 2021ರ ಗಣತಿಯಂತೆ ಶೇ. 57ರಷ್ಟು ಜನರು ಪಟ್ಟಣವಾಸಿಗಳಾಗಿದ್ದು, 2010ರಲ್ಲಿ ಜನಸಂಖ್ಯೆಯಲ್ಲಿ ಮೊದಲ ಸ್ಥಾನದಲ್ಲಿದ್ದ ಅಶಾಂಟಿ ಪ್ರಾಂತ್ಯವನ್ನು ಗ್ರೇಟರ್ ಅಕ್ರಾ ಪ್ರಾಂತ್ಯವು ಕೂದಲೆಳೆಯ ಅಂತರದಲ್ಲಿ ಹಿಂದಿಕ್ಕಿದೆ. ಎರಡರಲ್ಲೂ ತಲಾ 54 ಲಕ್ಷ ದಾಟಿದ ಜನರಿದ್ದಾರೆ.