ಬೆಂಚಿದೆ, ಕೂರುವವರಿಲ್ಲ: ಏಕೆ?

ಪ್ರಶ್ನೆ: ಹಿರಿಯರ ಸಭೆ ಕರೆದು, ಅವರನ್ನು ಕೇಳಿಯೇ ಬಡಾವಣೆಯಲ್ಲಿ ಹತ್ತು ಕಲ್ಲು ಬೆಂಚು ಹಾಕಿಸಿದೆವು. ಬೇಸಿಗೆಯಲ್ಲಿ ಯಾರೂ ಕೂರುತ್ತಿಲ್ಲ. ಇನ್ನೂ ಎಲ್ಲೆಲ್ಲಿ ಹಾಕಿಸಬೇಕು?

ಉತ್ತರ: ಸದ್ಯಕ್ಕೆ ಎಲ್ಲೂ ಬೇಡ. ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಸಲವೂ ತಪ್ಪು ಒಂದೇ. ಸಭೆಗೆ ಬಂದವರು ಅಲ್ಲಿಯವರೆಗೆ ನಡೆದು ಬರಬಲ್ಲವರು. ಬೆಂಚು ನಿಜಕ್ಕೂ ಬೇಕಾದವರು ಮನೆಯಲ್ಲೇ ಉಳಿದರು. 1995ರ ಶಿಕಾಗೋ ಬಿಸಿಗಾಳಿಗೆ ಏಳುನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಒಂಟಿಯಾಗಿದ್ದ ವೃದ್ಧರೇ ಬಹಳ. ಅಂಥವರು ಸಭೆಗೆ ಬರುವುದಿಲ್ಲ, ನೀವೇ ಅವರ ಬಾಗಿಲಿಗೆ ಹೋಗಬೇಕು.

ಆರೆಂಟು ಮಂದಿ ಸಾಕು. ಊರುಗೋಲಿನವರು, ಕಣ್ಣು ಮಂಜಾದವರು, ಗಾಲಿಕುರ್ಚಿಯವರು ಇರಲೇಬೇಕು. ಅವರು ದಿನವೂ ಹೋಗುವ ದಾರಿಯಲ್ಲಿ ಅವರದೇ ವೇಗದಲ್ಲಿ ಜೊತೆಗೆ ಸಾಗಿ. ಎಲ್ಲಿ ದಣಿದು ನಿಂತರು, ಎಲ್ಲಿ ಗೋಡೆ ಹಿಡಿದರು, ಎಲ್ಲಿ ಫುಟ್‌ಪಾತ್ ಬಿಟ್ಟು ರಸ್ತೆಗಿಳಿದರು, ಎಲ್ಲವನ್ನೂ ನಕ್ಷೆಯಲ್ಲಿ ಗುರುತಿಸಿ. ದಣಿದು ನಿಂತ ಜಾಗವೇ ಬೆಂಚಿನ ಜಾಗ; ಸುಮಾರಾಗಿ 50 ಮೀಟರಿಗೊಂದು ಬೇಕಾಗುತ್ತದೆ. ಈ ನಡಿಗೆ ಬೆಳಿಗ್ಗೆಯೇ ಮುಗಿಯಲಿ. ವಯಸ್ಸಾದಂತೆ ಬೆವರುವುದೂ ಕಡಿಮೆ, ಬಾಯಾರಿಕೆ ತಿಳಿಯುವುದೂ ಕಡಿಮೆ. ‘ಪರವಾಗಿಲ್ಲ, ಬರ್ತೀನಿ’ ಎಂದರೂ ಮಧ್ಯಾಹ್ನ ಕರೆದೊಯ್ಯಬೇಡಿ. ಮೂರು ಗಂಟೆಗೆ ನೀವೊಬ್ಬರೇ ಹೋಗಿ, ನೆರಳು ಎಲ್ಲಿಯವರೆಗೆ ಬೀಳುತ್ತದೋ ಅಲ್ಲಿ ಸುಣ್ಣದ ಗೆರೆ ಎಳೆದು ಬನ್ನಿ. ಜೋರು ಮಳೆ ನಿಂತ ಅರ್ಧ ಗಂಟೆಗೆ ಇನ್ನೊಮ್ಮೆ ಹೋಗಿ. ಆಗಲೂ ನೀರು ನಿಂತಿದ್ದರೆ ಮೊದಲು ನೆಲದ ಇಳಿಜಾರು ಸರಿಪಡಿಸಿ, ಆಮೇಲೆ ಬೆಂಚು.

ನೀವು ಹಾಕಿಸಿರುವುದು ಬೆನ್ನಾಸರೆ ಇಲ್ಲದ, ಮುಂಭಾಗ ನೆಲದವರೆಗೂ ಮುಚ್ಚಿದ ಕಲ್ಲುಕಟ್ಟೆಯಾಗಿದ್ದರೆ ಅದೇ ಇನ್ನೊಂದು ಕಾರಣ. ಕಾದ ಕಲ್ಲು ಹೊತ್ತು ಮುಳುಗಿದ ಮೇಲೂ ಬಿಸಿ ಬಿಡುತ್ತಿರುತ್ತದೆ. ಕೂತವರು ಏಳಬೇಕಾದರೆ ಪಾದಗಳನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಕೆಳಗೆ ಜಾಗವಿಲ್ಲದಿದ್ದರೆ ಏಳಲಾಗುವುದಿಲ್ಲ. ಏಳಲಾಗದ ಕಡೆ ಯಾರೂ ಕೂರುವುದಿಲ್ಲ. ಆಸನ ನೆಲದಿಂದ 45 ಸೆಂ.ಮೀ. ಎತ್ತರವಿರಲಿ, ಕೆಳಗೆ ತೆರೆದಿರಲಿ. ಆಸನದಿಂದ 20 ಸೆಂ.ಮೀ. ಮೇಲೆ ಎರಡೂ ಕಡೆ ಕೈಯಾಸರೆ ಬೇಕು, ಅದು ಆಸನದ ಮುಂದಿನ ಅಂಚಿನವರೆಗೂ ಬರಬೇಕು. ಕೂರಲು ಮರದ ಪಟ್ಟಿ. ನೀರಿಳಿಯಲು ನಡುವೆ ಒಂದು ಸೆಂ.ಮೀ. ಸಂದು. ಪಕ್ಕದಲ್ಲಿ ಗಾಲಿಕುರ್ಚಿಗೆ 90 ಸೆಂ.ಮೀ. ಬಿಡಿ. ಮರವನ್ನು ಬೆಂಚಿನ ಪಶ್ಚಿಮಕ್ಕೆ ನೆಡಿ, ಸುಡುವುದು ಇಳಿಹೊತ್ತಿನ ಬಿಸಿಲು. ಬುಡಕ್ಕೆ ಕಾಂಕ್ರೀಟ್ ಹಾಕಿ ಕತ್ತು ಹಿಸುಕಬೇಡಿ. ಬೇರು ಹಾಸುಗಲ್ಲನ್ನು ಎತ್ತುತ್ತದೆ, ಎಡವಿ ಬೀಳುವವರು ಇದೇ ಹಿರಿಯರು. ಮರ ಬೆಳೆಯುವವರೆಗೆ ಚಾವಣಿಯೊಂದನ್ನು ಕಟ್ಟಿಸಿ.

ಪ್ರಶ್ನೆ: ಚಾವಣಿಗೆ ಬಳಿಯುವ ತಂಪು ಬಿಳಿ ಬಣ್ಣವನ್ನು ಫುಟ್‌ಪಾತಿಗೂ ಬಳಿಯಬಹುದೇ?

ಉತ್ತರ: ಬೇಡ. ನೆಲ ತಣ್ಣಗಾದರೂ ಅದರಿಂದ ಪುಟಿದ ಬಿಸಿಲು ನಡೆಯುವವರ ಮೈಗೇ ತಾಗುತ್ತದೆ, ಪೊರೆ ಬಂದ ಕಣ್ಣಿಗೆ ಕೋರೈಸುತ್ತದೆ.

ಪ್ರಶ್ನೆ: ಉದ್ಯಾನದಲ್ಲಿ ನೀರು ಸಿಂಪಡಿಸುವ ಫ್ಯಾನ್ ಹಾಕಿದರೆ ಎಂಥ ಸೆಕೆಯೂ ಹೋಗುತ್ತದಂತೆ, ಹೌದೇ?

ಉತ್ತರ: ಮಾರುವವರು ಹೇಳುವ ಸುಳ್ಳಿದು. ತೇವ ತುಂಬಿದ ಗಾಳಿಯಲ್ಲಿ ನೀರು ಆರದು, ತಂಪೂ ಆಗದು. ನೆಲ ಮಾತ್ರ ಜಾರುತ್ತದೆ.

ಪ್ರಶ್ನೆ: 15 ಸೆಂ.ಮೀ. ಮೆಟ್ಟಿಲಿಗೆ ಎರಡಡಿ ರ‍್ಯಾಂಪ್ ಸಾಲದೇ?

ಉತ್ತರ: ಸಾಲದು. ಎತ್ತರ ಒಂದಕ್ಕೆ ಉದ್ದ ಹನ್ನೆರಡರ ಲೆಕ್ಕ, ಅಂದರೆ ಕನಿಷ್ಠ 180 ಸೆಂ.ಮೀ.

ಪ್ರಶ್ನೆ: 12 ಮೀಟರ್ ರಸ್ತೆ ದಾಟಲು ಸಿಗ್ನಲ್ 10 ಸೆಕೆಂಡು ಕೊಡುತ್ತದೆ. ಸಾಕೇ?

ಉತ್ತರ: ಅದು ಸೆಕೆಂಡಿಗೆ 1.2 ಮೀಟರ್ ನಡೆಯುವವರ ಲೆಕ್ಕ. 0.8 ಮೀಟರ್ ನಡೆಯುವವರಿಗೆ 15 ಸೆಕೆಂಡು ಬೇಕು. ನಿಮ್ಮ ಬಡಾವಣೆಯ ಹಿರಿಯರ ನಡಿಗೆಯನ್ನು ಅಳೆದು, ಆ ಅಂಕಿ ಬರೆದೇ ಅರ್ಜಿ ಕೊಡಿ.