ಆ ಬೆಳ್ಳಿ ಬಣ್ಣದ ಹಕೊಸುಕಾ: ಬ್ಯಾಡ್ಜ್ ನೋಡುವ ಮೊದಲು ನಂಬರ್ ಪ್ಲೇಟ್ ಓದಿ

ಯೊಕೊಹಾಮಾದ ದೈಕೊಕು ಪಾರ್ಕಿಂಗ್‌ನಲ್ಲಿ ತೆಗೆದ ಬೆಳ್ಳಿ ಬಣ್ಣದ ಹಕೊಸುಕಾ (ಹಳೆಯ ನಿಸ್ಸಾನ್ ಸ್ಕೈಲೈನ್‌ನ ಅಡ್ಡಹೆಸರು) ಹಾರ್ಡ್‌ಟಾಪ್‌ನ, ಅಂದರೆ ಎರಡು ಬಾಗಿಲಿನ ಕೂಪೆಯ, ಮೂರು ಫೋಟೊಗಳನ್ನು ನಮ್ಮ ಗುಂಪಿನಲ್ಲಿ ಹಾಕಿ, ಇದು ಆ ಕಾರಿನ ವೇಗದ, ಅಪರೂಪದ ಆವೃತ್ತಿಯಾದ ಅಸಲಿ ಜಿಟಿ-ಆರ್ ಹೌದೋ ಅಲ್ಲವೋ ಎಂದು ಕೇಳಿದ ಗೆಳೆಯರಿಗೆ ಈ ಉತ್ತರ. ಅದರ ಕೆಳಗೆ ಬಂದಿರುವ ಅಭಿಪ್ರಾಯಗಳನ್ನೆಲ್ಲ ಓದಿದೆ. ಬಹುತೇಕ ಎಲ್ಲರೂ "ಖಂಡಿತವಾಗಿ ಕೆಪಿಜಿಸಿ10" (ಕೂಪೆ ಜಿಟಿ-ಆರ್‌ನ ಮಾದರಿ ಸಂಕೇತ) ಎಂದು ಬರೆದಿದ್ದಾರೆ, ಇಬ್ಬರು ಬೆಲೆಯನ್ನೂ ಕಟ್ಟಿದ್ದಾರೆ. ಅವರು ಕೊಟ್ಟಿರುವ ಆಧಾರಗಳು ಮೂರೇ: ಗ್ರಿಲ್ ಮೇಲಿನ ಕೆಂಪು ಬ್ಯಾಡ್ಜ್, ಹಿಂದಿನ ಕಪ್ಪು ಓವರ್‌ಫೆಂಡರ್ (ಚಕ್ರದ ಕಮಾನಿನ ಮೇಲೆ ಬಿಗಿಯುವ ಪಟ್ಟಿ), ವಾತಾನಾಬೆ ಎಂಟು ಕಡ್ಡಿಯ ವೀಲ್. ಇದೇ ಮೂರನ್ನು ನೋಡಿ ಇದೇ ಮಾತನ್ನು ಒಮ್ಮೆ ನಾನೂ ಹೇಳಿದ್ದೆ, ಅದರ ಬೆಲೆಯನ್ನು ನನ್ನ ಗೆಳೆಯ ತೆತ್ತ. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಮೂರು ಆಧಾರಗಳನ್ನೇ ನೋಡೋಣ. ಎರಡು ನಟ್ ಬಿಚ್ಚಿದರೆ ಬ್ಯಾಡ್ಜ್ ಬದಲಾಗುತ್ತದೆ. ವಾತಾನಾಬೆ ನನಗೆ ಬಹಳ ಇಷ್ಟವಾದ ವೀಲ್, ಹಕೊಸುಕಾದ ಮೈಕಟ್ಟಿಗೆ ಅದಕ್ಕಿಂತ ಒಪ್ಪುವ ವೀಲ್ ಇನ್ನೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಕಾರ್ಖಾನೆಯಿಂದ ಹೊರಬಂದ ಜಿಟಿ-ಆರ್ ಸಾದಾ ಉಕ್ಕಿನ ವೀಲ್ ಮೇಲೆ ನಿಂತಿತ್ತು, ಆದ್ದರಿಂದ ವಾತಾನಾಬೆ ಇದ್ದರೆ ಅದು ಮಾಲೀಕರ ಅಭಿರುಚಿಯನ್ನು ಹೇಳುತ್ತದೆಯೇ ಹೊರತು ಕಾರಿನ ಹುಟ್ಟನ್ನು ಹೇಳುವುದಿಲ್ಲ. ಓವರ್‌ಫೆಂಡರ್‌ನ ವಿಷಯ ಇನ್ನೂ ಸೂಕ್ಷ್ಮವಾದದ್ದು. ಸಾಮಾನ್ಯ ಹಕೊಸುಕಾದಲ್ಲಿ ಹಿಂಬದಿಯ ಸರ್ಫ್ ಲೈನ್, ಅಂದರೆ ಪಕ್ಕದ ತಗಡಿನ ಮೇಲಿನ ಗೆರೆ, ಚಕ್ರದ ಮೇಲಿಂದ ತುಂಡಾಗದೆ ಸಾಗುತ್ತದೆ, ಜಿಟಿ-ಆರ್‌ನಲ್ಲಿ ಅಗಲದ ಟೈರಿಗೆ ಜಾಗ ಮಾಡಲು ಆ ಕಮಾನನ್ನು ಕತ್ತರಿಸಿದ್ದಾರೆ. ಇದನ್ನು ಪುಸ್ತಕದಲ್ಲಿ ಓದಿದವರು ಗೆರೆ ತುಂಡಾಗಿದ್ದರೆ ಸಾಕು, ಅಸಲಿ ಎಂದು ಬಿಡುತ್ತಾರೆ. ಗೆರೆ ಅಖಂಡವಾಗಿದ್ದರೆ ಕಾರು ಜಿಟಿ-ಆರ್ ಅಲ್ಲ ಎಂಬುದು ನಿಜ, ಗೆರೆ ತುಂಡಾಗಿದ್ದರೆ ಜಿಟಿ-ಆರ್ ಹೌದು ಎಂಬುದು ನಿಜವಲ್ಲ. ಐವತ್ತು ವರ್ಷಗಳಿಂದ ಜಪಾನಿನ ಗ್ಯಾರೇಜುಗಳಲ್ಲಿ ಸಾಮಾನ್ಯ ಹಕೊಸುಕಾ 2000ಜಿಟಿ ಕಾರುಗಳ ಕಮಾನನ್ನು ಕತ್ತರಿಸಿ ಕಪ್ಪು ಪಟ್ಟಿ ಬಿಗಿಯುತ್ತಲೇ ಇದ್ದಾರೆ. ಇನ್ನೊಂದು ವಿಷಯವನ್ನೂ ಗಮನಿಸಿ: ಕಾರ್ಖಾನೆಯವರು ಕೂಪೆ ಜಿಟಿ-ಆರ್‌ಗೆ ಓವರ್‌ಫೆಂಡರ್ ಕೊಟ್ಟದ್ದು ಹಿಂದೆ ಮಾತ್ರ. ಮುಂದಿನ ಚಕ್ರಕ್ಕೂ ಪಟ್ಟಿ ಇದ್ದರೆ ಅದು ಆಮೇಲೆ ಸೇರಿದ್ದು.

ಈಗ ತಮ್ಮ ಎರಡನೆಯ ಫೋಟೊವನ್ನು ದೊಡ್ಡದು ಮಾಡಿ ಹಿಂಬದಿಯ ನಂಬರ್ ಪ್ಲೇಟನ್ನು ಓದಿ. ಕೆಳಗಿನ ದೊಡ್ಡ ಅಂಕಿಗಳು ಬೇಡ, ಮೇಲಿನ ಸಾಲು ಸಾಕು. ಅಲ್ಲಿ ಊರಿನ ಹೆಸರಿನ ಪಕ್ಕದಲ್ಲಿ 33 ಎಂದಿದೆ. ಇಷ್ಟು ಜನರಲ್ಲಿ ಒಬ್ಬರೂ ಇದನ್ನು ಎತ್ತಲಿಲ್ಲವೆಂಬುದು ನನಗೆ ಬೇಸರ ತಂದಿತು.

ಜಪಾನಿನಲ್ಲಿ ಈ ವರ್ಗಸಂಖ್ಯೆ 5ರಿಂದ ಶುರುವಾದರೆ ಅದು ಸಣ್ಣ ವರ್ಗದ ಪ್ರಯಾಣಿಕ ಕಾರು, ಅಂದರೆ ಪೆಟ್ರೋಲ್ ಎಂಜಿನ್ 2000 ಸಿಸಿ ಮೀರಿರಬಾರದು, ಅಗಲ 1.7 ಮೀಟರ್ ಮೀರಿರಬಾರದು. ಈ ಮಿತಿಗಳಲ್ಲಿ ಒಂದನ್ನು ದಾಟಿದರೂ ಸಂಖ್ಯೆ 3ರಿಂದ ಶುರುವಾಗುತ್ತದೆ. ಕೆಪಿಜಿಸಿ10ರ ಎಸ್20 ಎಂಜಿನ್ 1989 ಸಿಸಿ, ಓವರ್‌ಫೆಂಡರ್ ಸೇರಿಸಿಯೂ ಕಾರಿನ ಅಗಲ 1665 ಮಿಲಿಮೀಟರ್. ಹಾಗಾಗಿ ಕಾರ್ಖಾನೆಯ ಸ್ಥಿತಿಯಲ್ಲಿರುವ ಜಿಟಿ-ಆರ್ 5ರ ಸಾಲಿನ ಪ್ಲೇಟ್ ಹೊತ್ತಿರಬೇಕು. 33 ಇದ್ದರೆ ಎಂಜಿನ್ ದೊಡ್ಡದಾಗಿದೆ ಅಥವಾ ಮೈ ಅಗಲವಾಗಿದೆ ಎಂದರ್ಥ. ತಮ್ಮ ಫೋಟೊದಲ್ಲಿ ಮೈ ಅಗಲವಾಗಿಲ್ಲ, ಪಟ್ಟಿ ಹಿಂದೆ ಮಾತ್ರ ಇದೆ, ಅದೂ ತೆಳುವಾಗಿದೆ. ಆದ್ದರಿಂದ ಬಾನೆಟ್ ಕೆಳಗೆ 2753 ಸಿಸಿಯ ಎಲ್28 ಎಂಜಿನ್ ಕೂತಿರುವ ಸಾಧ್ಯತೆಯೇ ಹೆಚ್ಚು. ಪ್ಲೇಟ್ ಇನ್ನೂ ಒಂದು ವಿಷಯ ಹೇಳುತ್ತದೆ. 1990ರ ದಶಕದ ಕೊನೆಯಲ್ಲಿ ವರ್ಗಸಂಖ್ಯೆ ಮೂರಂಕಿಗೆ ಏರಿತು, ಆಮೇಲೆ ಹೊಸದಾಗಿ ಕೊಟ್ಟದ್ದೆಲ್ಲ 300 ಅಥವಾ 500ರ ಸಾಲಿನ ಪ್ಲೇಟುಗಳು. ಇಲ್ಲಿ ಎರಡಂಕಿಯ 33 ಉಳಿದಿದೆಯೆಂದರೆ ಎಂಜಿನ್ ಬದಲಾವಣೆ ಅದಕ್ಕೂ ಮೊದಲೇ ದಾಖಲಾಗಿದೆ, ಕಾರು ಅಂದಿನಿಂದ ಆ ನೋಂದಣಿ ಕಚೇರಿಯ ವ್ಯಾಪ್ತಿ ಬಿಟ್ಟು ಹೋಗಿಲ್ಲ. ಅಂದರೆ ಇದು ನಿನ್ನೆ ಮೊನ್ನೆ ಹಣ ಮಾಡಲು ವೇಷ ಹಾಕಿಸಿದ ಕಾರಲ್ಲ, ಆ ವ್ಯಾಪ್ತಿಯ ರಸ್ತೆಗಳಲ್ಲೇ ಬಾಳಿದ ಹಳೆಯ ಎಲ್28 ಕಾರು. ನನ್ನ ಮಟ್ಟಿಗೆ ಅದು ಜಿಟಿ-ಆರ್‌ಗಿಂತ ಕಡಿಮೆ ಗೌರವದ್ದಲ್ಲ, ಆದರೆ ಅದನ್ನು ಅದರ ಹೆಸರಿನಿಂದಲೇ ಕರೆಯಬೇಕು.

ಇಷ್ಟನ್ನು ನಾನು ಕಲಿತದ್ದು ತಡವಾಗಿ. ಕಾವಾಸಾಕಿಯಲ್ಲಿ ಕೆಲಸದಲ್ಲಿದ್ದಾಗ ಮೆಲ್ಬರ್ನ್‌ನಲ್ಲಿ ನೆಲೆಸಿದ ನನ್ನ ಶಾಲಾ ದಿನಗಳ ಗೆಳೆಯ ಒಂಬತ್ತು ಫೋಟೊಗಳನ್ನು ಕಳಿಸಿ, "ನೀನು ಅಲ್ಲೇ ಇದ್ದೀಯ, ನೋಡಿ ಹೇಳು" ಎಂದ. ಬಿಳಿ ಹಾರ್ಡ್‌ಟಾಪ್, ಮಾರುವವರು ಜಿಟಿ-ಆರ್ ಎಂದೇ ಬರೆದಿದ್ದರು. ನಾನು ಗ್ರಿಲ್ ನೋಡಿದೆ, ಸ್ಟಿಯರಿಂಗ್ ನೋಡಿದೆ, ಕತ್ತರಿಸಿದ ಕಮಾನು ನೋಡಿದೆ, ಹಿಂದಿನ ಪಟ್ಟಿಯ ಬೋಲ್ಟುಗಳನ್ನು ಎಣಿಸಿ ನೋಡಿದೆ, ಅರ್ಧ ಗಂಟೆಯೊಳಗೆ ಅಸಲಿ ಎಂದು ಉತ್ತರ ಬರೆದೆ. ಏಳನೆಯ ಫೋಟೊದಲ್ಲಿ ಪ್ಲೇಟಿನ ಮೇಲಿನ ಸಾಲು ಅರ್ಧ ಕಾಣುತ್ತಿತ್ತು, ಅಲ್ಲಿ 3ರಿಂದ ಶುರುವಾಗುವ ಮೂರಂಕಿ ಇತ್ತು. ನನ್ನ ಕಣ್ಣು ಅದರ ಮೇಲೆ ಹಾದುಹೋಗಿತ್ತು, ನಾನು ಅದನ್ನು ಓದಿರಲಿಲ್ಲ. ದಿನವೂ ಅಂಥ ನೂರಾರು ಪ್ಲೇಟುಗಳ ನಡುವೆ ಓಡಾಡುತ್ತಿದ್ದವನು ನಾನು. ಗೆಳೆಯ ನನ್ನ ಮಾತನ್ನು ನಂಬಿ ಬೆಲೆಯ ಐದನೆಯ ಒಂದು ಭಾಗವನ್ನು ಮುಂಗಡವಾಗಿ ಕಳಿಸಿದ. ಹಡಗಿಗೆ ಏರಿಸುವ ಮೊದಲು ಪರಿಚಯದ ಮೆಕ್ಯಾನಿಕ್ ಒಬ್ಬರು ಹೋಗಿ ಬಾನೆಟ್ ತೆಗೆಸಿದರು. ಒಳಗಿನ ಮಾದರಿ ಪ್ಲೇಟಿನಲ್ಲಿ ಕೆಜಿಸಿ10 ಎಂದಿತ್ತು, ನಡುವೆ "ಪಿ" ಇರಲಿಲ್ಲ. ಎಂಜಿನ್ ಎಲ್28 ಆಗಿತ್ತು. ಮುಂಗಡ ವಾಪಸು ಬರಲಿಲ್ಲ. ಗೆಳೆಯ ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಆದರೆ ಆಮೇಲೆ ಯಾವ ಕಾರಿನ ಫೋಟೊವನ್ನೂ ಕಳಿಸಲಿಲ್ಲ. ಆ ಮೌನ ಇಂದಿಗೂ ನನ್ನನ್ನು ಚುಚ್ಚುತ್ತದೆ, "ಖಂಡಿತವಾಗಿ" ಎಂಬ ಪದವನ್ನು ಇಲ್ಲಿ ಕಂಡಾಗಲೆಲ್ಲ ನಾನು ಗದರುವುದು ಅದೇ ಕಾರಣಕ್ಕೆ.

ಆ "ಪಿ" ಅಕ್ಷರವನ್ನು ನೆನಪಿಡಿ. ಪಿಜಿಸಿ10 ಸೆಡಾನ್, ಕೆಪಿಜಿಸಿ10, ಮುಂದಿನ ಪೀಳಿಗೆಯ ಜಿಟಿ-ಆರ್ ಆದ ಕೆಪಿಜಿಸಿ110, ಫೇರ್‌ಲೇಡಿ ಝಡ್‌ನ ಆವೃತ್ತಿಯಾದ ಪಿಎಸ್30 ಎಂಬ ಝಡ್432, ಈ ನಾಲ್ಕರಲ್ಲೂ ಎಸ್20 ಎಂಜಿನ್ ಇದೆ, ನಾಲ್ಕರ ಹೆಸರಿನಲ್ಲೂ ಪಿ ಇದೆ. ಎಂಜಿನ್ ಕೋಣೆಯ ಫೋಟೊ ಸಿಕ್ಕರೆ ಇನ್ನೂ ಸುಲಭ. ಎಸ್20ರಲ್ಲಿ ಕಾರ್ಬ್ಯುರೇಟರ್‌ಗಳು ಒಂದು ಬದಿಗೆ, ಎಕ್ಸಾಸ್ಟ್ ಇನ್ನೊಂದು ಬದಿಗೆ ಇರುತ್ತವೆ. ಎಲ್ ಸರಣಿಯಲ್ಲಿ ಎರಡೂ ಒಂದೇ ಬದಿಯಲ್ಲಿ ಒಂದರ ಮೇಲೊಂದು ಇರುತ್ತವೆ. ಮೂರು ಸೊಲೆಕ್ಸ್ ಕಾರ್ಬ್ಯುರೇಟರ್ ಕಂಡ ಕೂಡಲೇ ಎಸ್20 ಎಂದು ಕೂಗಬೇಡಿ, ಎಲ್28ಕ್ಕೂ ಮೂರು ಸೊಲೆಕ್ಸ್ ಹಾಕುವುದು ಅಲ್ಲಿ ಸರ್ವೇಸಾಮಾನ್ಯ.

ಪ್ಲೇಟಿನ ವಿಧಾನಕ್ಕೂ ಮಿತಿಗಳಿವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. 5ರ ಪ್ಲೇಟ್ ಇದ್ದ ಮಾತ್ರಕ್ಕೆ ಕಾರು ಜಿಟಿ-ಆರ್ ಆಗುವುದಿಲ್ಲ, ಎಲ್20 ಎಂಜಿನ್ನಿನ ಸಾಮಾನ್ಯ 2000ಜಿಟಿಗೂ ಅದೇ ಪ್ಲೇಟ್ ಸಿಗುತ್ತದೆ. 3ರ ಪ್ಲೇಟ್ ಇದ್ದ ಮಾತ್ರಕ್ಕೆ ಮೈ ಅಸಲಿಯಲ್ಲ ಎಂದೂ ಹೇಳಲಾಗದು, ಎಸ್20 ಕೈಕೊಟ್ಟಾಗ ನಿಜವಾದ ಕೆಪಿಜಿಸಿ10ಕ್ಕೇ ಎಲ್28 ಕೂರಿಸಿಕೊಂಡವರು ಇರಬಹುದು. ಹಾಗಾಗಿ ತಮ್ಮ ಬೆಳ್ಳಿ ಕಾರಿನ ಬಗ್ಗೆ ನನ್ನ ತೀರ್ಮಾನ ಇಷ್ಟೇ: ಎಸ್20 ಎಂಜಿನ್ ಅದರಲ್ಲಿ ಇಲ್ಲದಿರುವ ಸಂಭವ ಬಹಳ ಹೆಚ್ಚು, ಮೈ ಯಾವುದು ಎಂಬುದನ್ನು ಈ ಮೂರು ಫೋಟೊಗಳಿಂದ ಯಾರೂ ಹೇಳಲಾರರು. ಇನ್ನು ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಕಾಣುವ ಜಪಾನಿ ಪ್ಲೇಟುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಡಿ. ಅವು ಬಹುಪಾಲು ಅಲಂಕಾರಕ್ಕೆ ಕೊಂಡವು.

ನಿಸ್ಸಾನಿನ ಸ್ಪೋರ್ಟ್ಸ್ ಕಾರು ಫೇರ್‌ಲೇಡಿ ಝಡ್‌ಗೂ ಈ ವಿಧಾನ ಚೆನ್ನಾಗಿ ಒಗ್ಗುತ್ತದೆ. ಉದ್ದ ಮೂತಿಯ ಜಿ-ನೋಸ್ ಮತ್ತು ಓವರ್‌ಫೆಂಡರ್ ಕಂಡರೆ ಎಲ್ಲರೂ 240ಝಡ್‌ಜಿ ಎನ್ನುತ್ತಾರೆ. ಅಸಲಿ ಝಡ್‌ಜಿ 1971ರ ಕೊನೆಗೆ ಬಂದ 2393 ಸಿಸಿಯ ಕಾರು, ಅದಕ್ಕೆ 3ರ ಪ್ಲೇಟ್ ಇರಬೇಕು. 5ರ ಪ್ಲೇಟ್ ಹೊತ್ತ ಝಡ್‌ಜಿ ಕಂಡರೆ ಅದು ಮೂತಿ ಬದಲಿಸಿಕೊಂಡ 2000 ಸಿಸಿಯ ಝಡ್. ಆ ಮೂತಿ, ಆ ಪಟ್ಟಿಗಳು ಇಂದಿಗೂ ಫೈಬರ್ ಪ್ರತಿಗಳಾಗಿ ಸಿಗುತ್ತವೆ, ಹಲವು ಪ್ರತಿಗಳ ಅಂಚು ಅಲೆಅಲೆಯಾಗಿರುವುದು ಫೋಟೊದಲ್ಲೇ ಕಾಣುತ್ತದೆ.

ಪ್ಲೇಟ್ ಸಹಾಯಕ್ಕೆ ಬಾರದ ಕಡೆ ನಾನು ಕಿಟಕಿ ಗಾಜಿನ ಗೆರೆ ಮತ್ತು ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ಕೇಂದ್ರಗಳ ನಡುವಿನ ಅಂತರ) ನೋಡುತ್ತೇನೆ, ಏಕೆಂದರೆ ಅವನ್ನು ಬದಲಿಸಲು ಸ್ಪ್ಯಾನರ್ ಸಾಲದು. ಅಮೆರಿಕದಲ್ಲಿರುವ ನಮ್ಮ ಸದಸ್ಯರು ಹಾಕುವ ಝಡ್ ಫೋಟೊಗಳಲ್ಲಿ ಎರಡು ಸೀಟಿನದು ಮತ್ತು ಹಿಂದೆ ಇನ್ನೆರಡು ಸಣ್ಣ ಸೀಟುಗಳಿರುವ 2+2 ಪದೇ ಪದೇ ಅದಲುಬದಲಾಗುತ್ತಿವೆ. ಎರಡು ಸೀಟಿನ ಕಾರಿನ ವೀಲ್‌ಬೇಸ್ 2305 ಮಿಲಿಮೀಟರ್, 1974ರಿಂದ ಬಂದ 2+2ರದ್ದು 2605. ನೇರ ಪಕ್ಕದಿಂದ ತೆಗೆದ ಫೋಟೊದಲ್ಲಿ ಟೈರಿನ ವ್ಯಾಸವನ್ನು ಅಳತೆಗೋಲು ಮಾಡಿಕೊಂಡು ಎರಡು ಚಕ್ರಗಳ ಕೇಂದ್ರಗಳ ನಡುವಿನ ಅಂತರವನ್ನು ಅಳೆಯಿರಿ. ಹಳೆಯ 175 ಅಗಲದ 14 ಇಂಚಿನ ಟೈರ್ ಸುಮಾರು 640 ಮಿಲಿಮೀಟರ್ ಎತ್ತರವಿರುತ್ತದೆ, ಆದ್ದರಿಂದ ಎರಡು ಸೀಟಿನದರಲ್ಲಿ ಟೈರು ಮೂರೂವರೆ ಸಲಕ್ಕಿಂತ ತುಸು ಹೆಚ್ಚು ಹಿಡಿಸುತ್ತದೆ, 2+2ರಲ್ಲಿ ನಾಲ್ಕು ಸಲವನ್ನು ದಾಟುತ್ತದೆ. ಮೊಬೈಲಿನ ಅಗಲ ಲೆನ್ಸಿನಿಂದ ಹತ್ತಿರ ನಿಂತು ತೆಗೆದ ಫೋಟೊದಲ್ಲಿ ಈ ಲೆಕ್ಕ ಕೆಡುತ್ತದೆ. ಹತ್ತು ಹೆಜ್ಜೆ ಹಿಂದೆ ಸರಿದು ಎರಡು ಪಟ್ಟು ಜೂಮ್ ಮಾಡಿ ತೆಗೆಯಿರಿ ಎಂದು ಎಷ್ಟು ಸಲ ಹೇಳಿದರೂ ಯಾರೂ ಕೇಳುತ್ತಿಲ್ಲ. 280ಝಡ್‌ಗೆ 240ಝಡ್‌ನ ತೆಳು ಬಂಪರ್ ಹಾಕಿಸುವ ಅಭ್ಯಾಸವೂ ಅಲ್ಲಿ ವ್ಯಾಪಕವಾಗಿರುವುದರಿಂದ ಬಂಪರ್ ನೋಡಿ ವರ್ಷ ಹೇಳಬೇಡಿ. ಮುಂದಿನ ಇಂಡಿಕೇಟರ್ 240ರಲ್ಲಿ ಬಂಪರಿನ ಕೆಳಗಿದೆ, 280ರಲ್ಲಿ ಮೇಲಿದೆ.

ಮಜ್ದಾದ ಕಾಸ್ಮೊ ಸ್ಪೋರ್ಟ್‌ಗೂ ಇದೇ ಮಾತು. 1967ರ ಮೊದಲ ಸರಣಿಯ ವೀಲ್‌ಬೇಸ್ 2200, 1968ರ ಮಧ್ಯದಲ್ಲಿ ಬಂದ ಎರಡನೆಯದರದ್ದು 2350. ಬಂಪರ್ ಕೆಳಗೆ ಗಾಳಿ ಒಳಹೋಗುವ ಬಾಯಿ ದೊಡ್ಡದಾಗಿದ್ದರೆ ಅದು ಎರಡನೆಯ ಸರಣಿ. ಎರಡೂ ಸೇರಿ ತಯಾರಾದದ್ದು 1176 ಮಾತ್ರ, ಆದ್ದರಿಂದ ರಸ್ತೆಬದಿಯಲ್ಲಿ ಕಂಡೆ ಎನ್ನುವವರು ಇನ್ನೊಮ್ಮೆ ನೋಡಲಿ.

ಹಕೊಸುಕಾದ ನಂತರ ಬಂದ ಸ್ಕೈಲೈನ್ ಆದ ಕೆನ್‌ಮೆರಿಯ ಬಗ್ಗೆ ಕಳೆದ ತಿಂಗಳ ಚರ್ಚೆಯಲ್ಲಿ ಆದ ತಪ್ಪನ್ನೂ ಇಲ್ಲೇ ತಿದ್ದುತ್ತೇನೆ. ಹಿಂದೆ ನಾಲ್ಕು ದುಂಡು ಲ್ಯಾಂಪ್ ಇದ್ದರೆ ಜಿಟಿ-ಆರ್ ಎಂದು ಒಬ್ಬರು ಬರೆದಿದ್ದರು, ಬಹಳ ಜನ ಒಪ್ಪಿದ್ದರು. ಕೆನ್‌ಮೆರಿ ಹಾರ್ಡ್‌ಟಾಪ್‌ನ ಸಾಮಾನ್ಯ ಜಿಟಿಗೂ ಅವೇ ದುಂಡು ಲ್ಯಾಂಪುಗಳಿವೆ, ಹಕೊಸುಕಾ ಜಿಟಿ-ಆರ್‌ಗೆ ದುಂಡು ಲ್ಯಾಂಪ್ ಇಲ್ಲವೇ ಇಲ್ಲ. 1973ರಲ್ಲಿ ಕೆಲವೇ ತಿಂಗಳು ತಯಾರಾದ ಕೆಪಿಜಿಸಿ110 ಒಟ್ಟು 197 ಕಾರುಗಳು. ಜಾಲರಿ ಗ್ರಿಲ್, ಓವರ್‌ಫೆಂಡರ್, ಹಿಂದಿನ ಸ್ಪಾಯ್ಲರ್ ಎಲ್ಲವನ್ನೂ ಸಾಮಾನ್ಯ ಕಾರಿಗೆ ಕೂರಿಸಬಹುದು, ಕೂರಿಸಿದ್ದಾರೆ ಕೂಡ. 197ರಲ್ಲಿ ಒಂದನ್ನು ಕಂಡೆ ಎನ್ನುವ ಮೊದಲು ಪ್ಲೇಟ್ ಓದಿ, ಬಾನೆಟ್ ತೆಗೆಸಿ.

ಮಡ್‌ಗಾರ್ಡ್ ಮೇಲಿನ ಕನ್ನಡಿಗಳ ಬಗ್ಗೆ ಒಂದು ಮಾತು. ಜಪಾನಿನಲ್ಲಿ ಬಾಗಿಲಿನ ಮೇಲೆ ಕನ್ನಡಿ ಹಾಕಲು ಅನುಮತಿ ಸಿಕ್ಕಿದ್ದು 1983ರಲ್ಲಿ. ಅದಕ್ಕೂ ಮೊದಲಿನ ಜಪಾನಿ ಮಾರುಕಟ್ಟೆಯ ಕಾರಿಗೆ ಮಡ್‌ಗಾರ್ಡ್ ಕನ್ನಡಿ ಸಹಜ, ಆದರೆ ರಫ್ತಾದ 240ಝಡ್‌ಗೆ ಆ ಕನ್ನಡಿ ತರಿಸಿ ಹಾಕಿಸಿಕೊಂಡವರು ಬಹಳ ಜನ ಇದ್ದಾರೆ. ಕನ್ನಡಿಗಿಂತ ಸ್ಟಿಯರಿಂಗ್ ಯಾವ ಬದಿಗಿದೆ ಎಂದು ನೋಡುವುದು ಹೆಚ್ಚು ಉಪಯುಕ್ತ. 1980ರ ದಶಕದ ಕಾರುಗಳಲ್ಲಿ ಮುಖಗಳೇ ಅದಲುಬದಲಾಗಿವೆ. ನಿಸ್ಸಾನಿನ 180ಎಸ್‌ಎಕ್ಸ್‌ಗೆ ಅದರ ಸೋದರ ಕಾರು ಸಿಲ್ವಿಯಾದ ಮುಖ ಕೂರಿಸಿದ್ದನ್ನು ಸಿಲ್ವಿಯಾ ಎಂದು ಇಲ್ಲಿ ಎರಡು ಸಲ ಗುರುತಿಸಲಾಗಿದೆ. ಹಿಂದೆ ಡಿಕ್ಕಿ ಇದ್ದರೆ ಸಿಲ್ವಿಯಾ ಕೂಪೆ, ಗಾಜಿನ ಸಮೇತ ಏಳುವ ಹ್ಯಾಚ್ ಇದ್ದರೆ 180ಎಸ್‌ಎಕ್ಸ್. ಟೊಯೊಟಾದ ಎಇ86ರಲ್ಲಿ ಏಳುವ ದೀಪ ಟ್ರುಯೆನೊ, ನಿಂತ ದೀಪ ಲೆವಿನ್ ಎಂಬುದು ಸರಿ, ಆದರೆ ಅದೇ ಮೈಯಲ್ಲಿ 1500 ಸಿಸಿಯ ಎಇ85 ಕೂಡ ಇರುವುದರಿಂದ ಹೊರಗಿನ ಫೋಟೊ ನೋಡಿ ಎಇ86 ಎಂದು ಸಹಿ ಹಾಕಬೇಡಿ.

ಫೋಟೊ ಹಾಕುವವರಿಗೂ ಒಂದು ಕೋರಿಕೆ. ಮಾಲೀಕರ ಗೌಪ್ಯತೆಗಾಗಿ ಪ್ಲೇಟ್ ಮಸುಕು ಮಾಡುವುದು ಒಳ್ಳೆಯ ಅಭ್ಯಾಸ, ಆದರೆ ಕೆಳಗಿನ ನಾಲ್ಕು ದೊಡ್ಡ ಅಂಕಿಗಳನ್ನು ಮುಚ್ಚಿದರೆ ಸಾಕು, ಮೇಲಿನ ವರ್ಗಸಂಖ್ಯೆಯನ್ನು ಉಳಿಸಿ. ಬಣ್ಣ ಗಾಢವಾಗಿಸುವ ಫಿಲ್ಟರ್‌ಗಳನ್ನು ಬಿಡಿ, ಓವರ್‌ಫೆಂಡರ್‌ನ ಅಂಚು, ಸರ್ಫ್ ಲೈನ್ ಎರಡೂ ಅದರಲ್ಲಿ ಕರಗಿಹೋಗುತ್ತವೆ. ಫೋಟೊ ಹುಡುಕುವ ಆ್ಯಪ್‌ನ ಉತ್ತರವನ್ನು ತಮ್ಮ ಅಭಿಪ್ರಾಯವೆಂಬಂತೆ ಇಲ್ಲಿ ಅಂಟಿಸಬೇಡಿ, ಅದು ಬ್ಯಾಡ್ಜ್ ಮತ್ತು ಗ್ರಿಲ್ ಕಂಡಷ್ಟನ್ನೇ ಹೇಳುತ್ತದೆ.

ತಾವು ಮುಂದಿನ ತಿಂಗಳವರೆಗೆ ಯೊಕೊಹಾಮಾದಲ್ಲೇ ಇರುತ್ತೀರೆಂದು ಬರೆದಿದ್ದೀರಿ. ಅಂಥ ಕಾರುಗಳು ಭಾನುವಾರ ಬೆಳಿಗ್ಗೆ ಅಲ್ಲಿಗೆ ಮತ್ತೆ ಬರುವುದು ಸಾಮಾನ್ಯ. ಮಾಲೀಕರು ಪಕ್ಕದಲ್ಲಿದ್ದರೆ ಮೊದಲು ನಮಸ್ಕರಿಸಿ, ಕಾರನ್ನು ಮುಟ್ಟದೆ ನಿಂತು, ಎಂಜಿನ್ ನೋಡಬಹುದೇ ಎಂದು ಕೇಳಿ. ಹೆಚ್ಚಿನವರು ಸಂತೋಷದಿಂದ ಬಾನೆಟ್ ಎತ್ತುತ್ತಾರೆ, ಎಲ್28 ಇದ್ದರೆ ಅದನ್ನು ಅವರೇ ಅಭಿಮಾನದಿಂದ ಹೇಳುತ್ತಾರೆ. ಅನುಮತಿ ಸಿಕ್ಕರೆ ಎರಡೇ ಫೋಟೊ ಸಾಕು: ಕಾರ್ಬ್ಯುರೇಟರ್‌ಗಳ ಬದಿಯಿಂದ ಎಂಜಿನ್ನಿನದೊಂದು, ಒಳಗಿನ ಮಾದರಿ ಪ್ಲೇಟಿನದೊಂದು. ಪ್ಲೇಟನ್ನು ರಿವೆಟ್ ತೆಗೆದು ಬದಲಿಸಬಹುದು, ಆದ್ದರಿಂದ ಫೈರ್‌ವಾಲ್‌ನ (ಎಂಜಿನ್ ಕೋಣೆಯ ಹಿಂಗೋಡೆಯ) ತಗಡಿನ ಮೇಲೆ ಒತ್ತಿರುವ ಅಕ್ಷರಗಳಲ್ಲಿ ಕೆ ಮತ್ತು ಜಿ ನಡುವೆ ಪಿ ಇದೆಯೇ ಎಂದು ಕಣ್ಣಾರೆ ನೋಡಿಕೊಂಡು ಬಂದು ಇಲ್ಲೇ ತಿಳಿಸಿ.